ಎರಡು ಬೆರಳಿನ ವ್ಯತ್ಯಾಸ

ಗೋಡೆ ಎರಡು ತುದಿಯಿಂದಲೂ ಬಂದು ನಡುವೆ ಕೂಡಿಕೊಳ್ಳಲು ಇನ್ನೂ ನಾಲ್ಕಡಿ ಬಾಕಿ ಇತ್ತು. ಆದರೆ ಈ ಕಡೆಯ ಇಟ್ಟಿಗೆ ಸಾಲಿಗೂ ಆ ಕಡೆಯ ಸಾಲಿಗೂ ಎದೆಮಟ್ಟದಲ್ಲಿ ಎತ್ತರದಲ್ಲೇ ಎರಡು ಬೆರಳು ವ್ಯತ್ಯಾಸ. ಆರ್ಕಿಟೆಕ್ಟ್ ದಾರ ಹಿಡಿದು ಮೂರು ಸಲ ನೋಡಿದ. ಮೂರು ಸಲವೂ ದಾರ ಯಾರ ಮುಲಾಜೂ ಇಲ್ಲದೆ ಅದನ್ನೇ ಹೇಳಿತು.

ಗಡಿಗೆರೆಯ ಮೇಲೆ ಎರಡೂ ಕಡೆಯವರಿಗೆ ಒಂದೇ ಹೆರಿಗೆ ಆಸ್ಪತ್ರೆ ಏಳುತ್ತಿತ್ತು. ಮುಂಗೋಡೆಯನ್ನು ಅವರವರ ತುದಿಯಿಂದ ಅವರವರೇ ಕಟ್ಟಿಕೊಂಡು ಬಂದು ಕೂಡಿಸಬೇಕು ಎನ್ನುವುದು ಅವನದೇ ಯೋಚನೆ. ಎರಡು ಕಡೆಗೂ ಸೇರದ ಊರಿನವನೆಂದೇ ಅವನನ್ನು ಕರೆಸಿದ್ದರು. ಸ್ಥಳಕ್ಕೆ ಬರಲು ಎರಡೂ ಕಡೆಯ ಪರವಾನಗಿ ಅವನ ಕೈಸೇರುವಷ್ಟರಲ್ಲಿ ಗೋಡೆ ಎದೆಮಟ್ಟ ಬಂದಿತ್ತು. ಕಟ್ಟಿದವರು ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡೇ ಕಟ್ಟಿದ್ದರು. ಈ ಕಡೆಯ ಮೀಸೆ ಮೇಸ್ತ್ರಿಯ ತಮ್ಮ ಗುಂಡಿನ ಚಕಮಕಿಯಲ್ಲಿ ಹೋಗಿದ್ದ. ಆ ಕಡೆಯ ಕುಳ್ಳ ಮೇಸ್ತ್ರಿಯ ಮನೆ ಸುಟ್ಟು ಬೂದಿಯಾಗಿತ್ತು. ಎರಡು ತಿಂಗಳಲ್ಲಿ ಒಬ್ಬನಾದರೂ ಇನ್ನೊಬ್ಬನ ಇಟ್ಟಿಗೆಯನ್ನು ಕೈಗೆತ್ತಿಕೊಂಡು ನೋಡಿರಲಿಲ್ಲ. ಗಡಿ ಮುಚ್ಚಿದ್ದ ಮೂವತ್ತು ವರ್ಷಗಳಲ್ಲಿ ಎರಡು ಕಡೆಯ ಇಟ್ಟಿಗೆ ಅಚ್ಚುಗಳೂ ತಮ್ಮ ಪಾಡಿಗೆ ತಾವು ಅಳತೆಯಲ್ಲಿ ಬೇರೆಯಾಗಿದ್ದವು.

“ಅವರದು ಕೆಡವಿಸಿ ಸಾರ್,” ಎಂದ ಮೀಸೆ ಮೇಸ್ತ್ರಿ.

“ನಮ್ಮದರಲ್ಲಿ ಒಂದು ಇಟ್ಟಿಗೆ ಅಲ್ಲಾಡಿಸಿದ್ರೂ ನಾಳೆಯಿಂದ ನಮ್ಮವರು ಬರಲ್ಲ ಸಾರ್,” ಎಂದ ಕುಳ್ಳ ಮೇಸ್ತ್ರಿ. ಇಬ್ಬರೂ ಮಾತಾಡಿದ್ದು ಆರ್ಕಿಟೆಕ್ಟನ ಜೊತೆಗೆ. ಎರಡು ತಿಂಗಳಿಂದ ಅವರ ನಡುವೆ ಮಾತು ಅನ್ನುವುದೇ ಇರಲಿಲ್ಲ.

ಹನ್ನೊಂದು ಗಂಟೆಗೆ ಕಡೆಗೊಬ್ಬರಂತೆ ಇಬ್ಬರು ಅಧಿಕಾರಿಗಳು ಬಂದರು. ಗೋಡೆ ನೋಡಿದರು, ಮುಖ ಗಂಟಿಕ್ಕಿದರು.

“ಇದು ಯಾರ ತಪ್ಪು?” ಎಂದು ಆರ್ಕಿಟೆಕ್ಟನನ್ನು ಕೇಳಿದರು.

ಯಾವ ಕಡೆಗೆ ಬೆರಳು ತೋರಿಸಿದರೂ ಆ ಕಡೆಯ ಅಧಿಕಾರಿ ಜೀಪು ಹತ್ತುತ್ತಾನೆ, ಆಸ್ಪತ್ರೆ ಅಲ್ಲಿಗೆ ನಿಂತ ಹಾಗೆಯೇ. ಆರ್ಕಿಟೆಕ್ಟನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕಂಕುಳಲ್ಲಿದ್ದ ನಕ್ಷೆಯ ಸುರುಳಿಯ ಕೊನೆಯ ಹಾಳೆಯಲ್ಲಿ, ಎರಡೂ ಕಡೆ ಬಳಸಬೇಕಾದ ಇಟ್ಟಿಗೆಯ ಅಳತೆಯನ್ನು ಅವನು ಕೆಂಪು ಶಾಯಿಯಲ್ಲಿ ಬರೆದಿದ್ದ. ಕೆಳಗೆ ಎರಡೂ ಕಚೇರಿಗಳ ಸಹಿ ಇತ್ತು. ಸಹಿ ಹಾಕಿದವರು ಓದಿರಲಿಲ್ಲ, ಅಷ್ಟೆ. ಸುರುಳಿ ಬಿಚ್ಚಿದರೆ ಅವನ ಹೆಸರು ಉಳಿಯುತ್ತಿತ್ತು. ಈ ಕಟ್ಟಡಕ್ಕಾಗಿ ಐದು ವರ್ಷ ಎರಡು ಕಚೇರಿಗಳ ಮೆಟ್ಟಿಲು ಸವೆಸಿದ್ದ. ಸುರುಳಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದ.

“ನನ್ನದೇ,” ಎಂದ. “ಅಳತೆ ಹಾಕುವಾಗ ಎಡವಟ್ಟು ಮಾಡಿಕೊಂಡೆ.”

ಅಧಿಕಾರಿಗಳಿಗೆ ಹೋದ ಜೀವ ಬಂತು. ಇಬ್ಬರೂ ಸೇರಿ ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಅವನನ್ನು ಕೆಲಸದಿಂದ ಬಿಡಿಸುವ ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಅಲ್ಲೇ ಬರೆದರು. ಎರಡು ಕಡೆಯವರೂ ತಕರಾರಿಲ್ಲದೆ ಒಂದೇ ದಿನ ಸಹಿ ಹಾಕಿದ ಮೊದಲ ಕಾಗದ ಅದು. ಗೋಡೆಯನ್ನು ನೀವೇ ಹೇಗಾದರೂ ಸರಿಮಾಡಿಕೊಳ್ಳಿ ಎಂದು ಮೇಸ್ತ್ರಿಗಳಿಗೆ ಹೇಳಿ, ಬಂದ ದಾರಿ ಹಿಡಿದರು.

ಆರ್ಕಿಟೆಕ್ಟ್ ತಗಡಿನ ಷೆಡ್ಡಿನೊಳಗೆ ಹೋಗಿ ಸ್ಕೇಲು, ಪೆನ್ಸಿಲುಗಳನ್ನು ಚೀಲಕ್ಕೆ ತುಂಬತೊಡಗಿದ. ಆಚೆ ಗೋಡೆಯ ಬಳಿ ಮೇಸ್ತ್ರಿಗಳಿಬ್ಬರೇ ಉಳಿದಿದ್ದರು. ಕುಳ್ಳ ಮೇಸ್ತ್ರಿ ಮೊದಲ ಸಲ ಮೀಸೆ ಮೇಸ್ತ್ರಿಯ ಕಡೆಗೆ ತಿರುಗಿದ.

“ಇಂಥ ದಡ್ಡ ಇಂಜಿನಿಯರುಗಳು ನಿಮ್ಮ ಕಡೇನೂ ಇದ್ದಾರಾ?”

ಮೀಸೆ ಮೇಸ್ತ್ರಿ ಕರಣೆಗೆ ಅಂಟಿದ್ದ ಗಾರೆಯನ್ನು ಕೆರೆಯುತ್ತಾ ಸ್ವಲ್ಪ ಯೋಚಿಸಿದ.

“ಇವನಿಗಿಂತ ದಡ್ಡರಿದ್ದಾರೆ,” ಎಂದ. “ಬನ್ನಿ, ಕೂತ್ಕೊಳ್ಳಿ, ಹೇಳ್ತೀನಿ.”