ದುಭಾಷಿಯ ಗಾದೆ

"ಏನಂದ್ರು ಮಗಳೇ ಅವ್ರು?" ಎಂದು ಕೊರಿಯದ ಹಡಗುಕಟ್ಟೆಯೊಂದರಲ್ಲಿ ಕ್ರೇನ್ ನಡೆಸುವ ಗು ಎಂಬ ಮುದುಕ ದುಭಾಷಿಯನ್ನು ಕೇಳಿದ. ಅವನ ಅಂಗೈಯಲ್ಲಿ ಕ್ರೇನಿನ ಉಕ್ಕಿನ ಹಗ್ಗದಿಂದ ತುಂಡಾಗಿ ಬಿದ್ದ ಮೂರು ತಂತಿಗಳಿದ್ದವು. ಹಗ್ಗ ಬದಲಿಸದೆ ಇವತ್ತು ಮೇಲೆ ಹತ್ತುವುದಿಲ್ಲ ಎಂದು ಹೇಳಲೆಂದೇ ಅವನು ಬಂದಿದ್ದ. ಇಂಗ್ಲಿಷ್ ಇಂಜಿನಿಯರ್ ತಂತಿಗಳತ್ತ ಸರಿಯಾಗಿ ನೋಡದೆಯೇ ಹೇಳಿದ್ದು ಇಷ್ಟು: ಮುರಿಯದ್ದನ್ನು ರಿಪೇರಿ ಮಾಡಬೇಡಿ.

ಅದನ್ನು ಇದ್ದಂತೆಯೇ ಕೊರಿಯನ್ನಿನಲ್ಲಿ ಹೇಳಿದರೆ ಒರಟಾಗುತ್ತದೆ ಎಂದು ದುಭಾಷಿ ಹೇ-ರಾನಳಿಗೆ ಅನ್ನಿಸಿತು. ಮನೆಮಾತಿನ ಗಾದೆಯೊಂದು ತಾನಾಗಿ ನಾಲಿಗೆಗೆ ಬಂತು. "ಸುಮ್ನಿರೋದನ್ನ ಕೆರೆದು ಹುಣ್ಣು ಮಾಡ್ಕೋಬಾರ್ದು ಅಂತಾರೆ, ತಾತ."

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. "ಲೋ, ನಮ್ಮಜ್ಜಿ ಮಾತು ಸಾಹೇಬ್ರಿಗೂ ಗೊತ್ತಲ್ಲೋ!" ಎಂದ ಒಬ್ಬ. ಅದು ಹೊರಗಿನವನ ಮಾತಾಗಿಯೇ ಉಳಿದಿದ್ದರೆ ಗು "ಮುರಿದಿದೆಯಲ್ಲ, ನೋಡು" ಎಂದು ತಂತಿಗಳನ್ನು ಇಂಜಿನಿಯರನ ಮುಖಕ್ಕೆ ಹಿಡಿಯುತ್ತಿದ್ದ. ಅಜ್ಜಿಯ ಮಾತಿಗೆ ಎದುರಾಡುವುದು ಹೇಗೆ? "ನಮ್ಮವ್ವನೂ ಹಂಗೇ ಅಂತಿದ್ಲು" ಎಂದು ತಂತಿಗಳನ್ನು ಹೇ-ರಾನಳ ಕೈಗಿಟ್ಟ.

ಕೆಲಸ ಶುರುವಾಗುವ ಮುನ್ನ ಆ ಹಡಗುಕಟ್ಟೆಯಲ್ಲಿ ದಿನವೂ ಸುರಕ್ಷತೆಗೆಂದು ಮಾಡುವಂತೆ ಎಲ್ಲರೂ ಕ್ರೇನಿನತ್ತ ಬೆರಳು ಚಾಚಿ, "ಹಗ್ಗ, ಸರಿಯಿದೆ!" ಎಂದು ಮೂರು ಸಲ ಕೂಗಿದರು. ಮುದುಕನ ಬೆರಳೂ ಎದ್ದಿತ್ತು. ಅವನ ತುಟಿ ಅಲುಗದ್ದನ್ನು ಕಂಡವಳು ಹೇ-ರಾನ್ ಒಬ್ಬಳೇ. "ತಾತ" ಎಂದು ಅವಳು ಕರೆಯುವಷ್ಟರಲ್ಲಿ ಸೈರನ್ ಮೊಳಗಿತು. ಅವನು ಆಗಲೇ ಏಣಿ ಹತ್ತುತ್ತಿದ್ದ.