ಕೆಂಪು ಬಕೆಟ್ಟಿನ ತುಂಡು

ಪೀಣ್ಯದ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಮಹಾದೇವಿ ನಾಲ್ಕು ಚಕ್ರದ ಗುಡ್ಡಗಾಡು ಬೈಕಿನ ಕೆಂಪು ಪ್ಲಾಸ್ಟಿಕ್ ಮಡ್‌ಗಾರ್ಡನ್ನು ಒರೆಸುತ್ತಿದ್ದಳು. ಅದರ ಬಿರುಕನ್ನು ಬೆಸೆದವಳೂ ಅವಳೇ. ಬೇರೆ ಪ್ಲಾಸ್ಟಿಕ್ ಅಂಟುವುದಿಲ್ಲ, ಮಡ್‌ಗಾರ್ಡಿನ ಒಳ ಅಂಚಿನಿಂದಲೇ ಚೂರು ಕತ್ತರಿಸಿ ಕರಗಿಸು ಎಂದು ಮುದುಕ ಮೆಕ್ಯಾನಿಕ್ ಭೀಮಪ್ಪ ಕಲಿಸಿದ್ದ. ಗಿರಾಕಿಯ ವಸ್ತುವನ್ನು ಕತ್ತರಿಸಲು ಹೆದರಿದ ಅವಳು ಅದೇ ಬಣ್ಣದ ಒಡೆದ ಬಕೆಟ್ಟಿನ ತುಂಡನ್ನು ಕರಗಿಸಿ ತುಂಬಿದ್ದಳು.

ಗಿರಾಕಿ ಬಂದವನೇ ಹೆಬ್ಬೆರಳಿನಿಂದ ಒತ್ತಿದ. ಬೆಸುಗೆ ಸಿಪ್ಪೆಯಂತೆ ಎದ್ದು ಬಂತು.

“ಏನಜ್ಜ, ಬಕೆಟ್ ಅಂಟ್ಸಿದ್ದೀಯಾ? ಕಣ್ ಕಾಣಲ್ವಾ?”

ಭೀಮಪ್ಪ ಆ ತುಂಡನ್ನು ತಿರುಗಿಸಿ ನೋಡಿದ. ಮಹಾದೇವಿಯತ್ತ ನೋಡಲಿಲ್ಲ. “ಹೌದ್ರಿ ಸಾಹೇಬ್ರ, ವಯಸ್ಸಾತು. ನಂದ ತಪ್ಪು.”

“ಮನೇಲಿ ಬಿದ್ಕೊಳೋದ್ ಬಿಟ್ಟು ಯಾಕಜ್ಜ ಬರ್ತೀಯಾ?” ಗಿರಾಕಿ ನಕ್ಕ. ಭೀಮಪ್ಪನೂ ತಲೆ ತಗ್ಗಿಸಿ ನಕ್ಕ.

ಮಹಾದೇವಿ ಒರೆಸುವ ಬಟ್ಟೆ ಕೆಳಗಿಟ್ಟಳು. ಅವಳು ಭೀಮಪ್ಪನ ತೋಳು ಮುಟ್ಟಿದಳು.

“ಕಾಕಾ, ನಾ ಮಾಡಿದ್ದಂತ ಹೇಳ್ರಿ.”