ತಾರ್ನಾಕದಿಂದ ಹೊರಟ ಕಾರು

ಕಾರಿನೊಳಗೆ ಮಲ್ಲಿಗೆ ಸೆಂಟಿನ ವಾಸನೆ ಬಂದರೆ ಈಗಲೂ ನನಗೆ ತಾರ್ನಾಕದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಬಿಪಿ ಏರಿ ಅಪ್ಪನ ಮೆದುಳಿನಲ್ಲಿ ಹಿಂದೊಮ್ಮೆ ರಕ್ತಸ್ರಾವವಾಗಿತ್ತು. ಚೇತರಿಸಿಕೊಂಡ ಮೇಲೆ, "ಈಗ ಆರಾಮ ಅದೀನಲ್ಲ" ಎಂದು ಗುಳಿಗೆ ಬಿಟ್ಟಿದ್ದರು. ಅಂದು ಊಟದ ನಡುವೆ ತಲೆ ಹಿಡಿದುಕೊಂಡರು. ಮಾತು ತೊದಲಿತು, ಬಲಗೈಯಿಂದ ತುತ್ತು ಜಾರಿತು.

ಅಜ್ಜಿ ಕಿರುಚಲಿಲ್ಲ. ಅಪ್ಪನ ಬಾಯೊಳಗಿನ ಅನ್ನವನ್ನು ಬೆರಳಿನಿಂದ ತೆಗೆದು, ಮಗ್ಗುಲಿಗೆ ಮಲಗಿಸಿ, "ಮತ್ತ ಅದೇ ಬಂದೈತಿ. ಕೆಳಗಿನ ಮನಿ ನರಸಿಂಗನ್ನ ಎಬ್ಬಿಸವ್ವ" ಎಂದು ನನಗೆ ಹೇಳಿದಳು. ರಾತ್ರಿಯೆಲ್ಲ ಮಾದಾಪುರದ ಕಂಪನಿಗಳಿಗೆ ಕ್ಯಾಬ್ ಓಡಿಸಿ ಮಲಗಿದ್ದ ನರಸಿಂಗ್ ಬನಿಯನ್ನಿನಲ್ಲೇ ಓಡಿ ಬಂದ. "ಚಲೋ ಅಮ್ಮಾ, ಆಸ್ಪತ್ರೆಗೆ ಹೋಗೋಣ" ಎನ್ನುತ್ತ ಅಪ್ಪನನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಮಲ್ಲಿಗೆ ಘಮಘಮಿಸುವ ಅವನ ಕಾರಿನಲ್ಲಿ ನಾನು ಅಪ್ಪನ ತಣ್ಣನೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸಂಜೆಯ ಡ್ಯೂಟಿ ಬಿಟ್ಟು ನರಸಿಂಗ್ ಆಸ್ಪತ್ರೆಯಲ್ಲೇ ಉಳಿದ.

"ಬೇಗ ತಂದಿರಿ, ಅದಕ್ಕೇ ಉಳಿದರು" ಎಂದರು ಡಾಕ್ಟರು.

ಮನೆಗೆ ಬಂದ ದಿನ ಅಪ್ಪ ಎಡಗೈಯಲ್ಲಿ ಅನ್ನ ಸಾರು ಕಲಸಿ ಬಾಯಿಗಿಟ್ಟುಕೊಂಡು, ಸರಿಯಾಗಿ ಹೊರಳದ ನಾಲಿಗೆಯಲ್ಲಿ, "ಅವ್ವಾ, ಉಪ್ಪೇ ಇಲ್ಲ. ಭಾಳ ಸಪ್ಪಗೈತಿ" ಎಂದು ಸಿಡುಕಿದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೈಯೋ ಮಗನ, ಇನ್ನಷ್ಟು ಬೈ. ಕೇಳಾಕತ್ತೀನಿ" ಎಂದಳು.